ಹಗಲುಗಳ್ಳರು

ಕಳ್ಳರಂತೆ ಸೊಳ್ಳೆಗಳೂ ರಾತ್ರಿಯೇ ಬರುತ್ತವೆಂದು ನಾನು ಬಹುಕಾಲ ನಂಬಿದ್ದೆನು. ಆದುದರಿಂದಲೇ ನಾಶಿಕದ ಗಂಗಾಪುರದಲ್ಲಿ ಬಾಡಿಗೆಯ ಮನೆ ಹಿಡಿದಾಗ ನಾನು ಮೊದಲು ಕೊಂಡುದು ಸೊಳ್ಳೆಪರದೆ. ರಾತ್ರಿ ಅದರೊಳಗೆ ನಿಶ್ಚಿಂತೆಯಿಂದ ಮಲಗುವೆವು, ಬೆಳಗಾದೊಡನೆ ಸುತ್ತಿಡುವೆವು. ಹೀಗಿರಲು ಒಂದು ಮಳೆಗಾಲದಲ್ಲಿ ನನ್ನ ಮಗಳಿಗೆ ಜ್ವರ ಬಂದಿತು. ಕಣ್ಣಿನ ಹಿಂದೆ ನೋವು, ಕೈಕಾಲಿನ ಸಂದುಗಳಲ್ಲೆಲ್ಲ ನೋವು. ರಕ್ತವನ್ನು ಪರೀಕ್ಷಿಸಿ ವೈದ್ಯರು ಡೆಂಗೀ ಎಂದರು.

ನಾನು ಒಡನೆಯೇ ಬೀದಿಯ ಗಟಾರವನ್ನು ಶಪಿಸಿದೆನು. ವೈದ್ಯರು ನಸುನಕ್ಕು, "ಗುರೂಜಿ, ಈ ಸೊಳ್ಳೆಗೆ ಬೇಕಾದುದು ತಿಳಿನೀರು. ಮೊದಲು ನಿಮ್ಮ ಮನೆಯನ್ನು ನೋಡಿಕೊಳ್ಳಿರಿ" ಎಂದರು.

ನೋಡಿದೆನು. ಅವ್ವನು ತುಂಬಿಟ್ಟಿದ್ದ ದೊಡ್ಡ ಹರವಿಯಲ್ಲಿ ನೂರಾರು ಮರಿಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು! ಗೋಡೆಯ ಮೇಲೆ ಅವುಗಳ ತಾಯಿಯೂ ಕುಳಿತಿದ್ದಿತು: ಕಪ್ಪು ಮೈ, ಕಾಲುಗಳಿಗೆ ಬಿಳಿಯ ಪಟ್ಟೆ, ಬೆನ್ನಮೇಲೆ ವೀಣೆಯನ್ನು ಹೋಲುವ ಬಿಳಿಯ ಗೆರೆ. ಇದರ ಹೆಸರು ಈಡಿಸ್. ಕಚ್ಚುವುದು ಹೆಣ್ಣು ಮಾತ್ರ. ಬೆಳಗಿನ ಒಂದೆರಡು ಗಂಟೆ, ಸಂಜೆಗತ್ತಲೆಗೆ ಮುಂಚಿನ ಹೊತ್ತು ಇದಕ್ಕೆ ಬಲು ಪ್ರಿಯ. ನೀವು ಶಾಲೆಗೆ ಹೊರಡುವ ಮತ್ತು ಶಾಲೆಯಿಂದ ಬಂದು ಆಡುವ ಹೊತ್ತುಗಳೂ ಅವೇ ಅಲ್ಲವೆ?

ನೀರನ್ನು ಚೆಲ್ಲಹೋದರೆ ಅವ್ವನು ಅಡ್ಡ ಬಂದಳು. "ಏನು ಮಾಡ್ತಿ ತಮ್ಮಾ? ತುಂಬಿದ ಹರವಿ ಚೆಲ್ಲಿದರ ಗಂಗಮ್ಮ ಮುನೀತಾಳ!" ವಿಜಾಪುರ ಸೀಮೆಯಲ್ಲಿ ಒಂದು ಕೊಡ ನೀರಿಗಾಗಿ ದೂರ ನಡೆದ ಜೀವವದು. ಗೋದಾವರಿಯ ಅಣೆಕಟ್ಟು ಸಮೀಪದಲ್ಲಿಯೇ ಇದ್ದರೂ ಆ ಭಯವು ಹೋಗಿರಲಿಲ್ಲ. ನಾನು ವಾದಿಸಲಿಲ್ಲ, ಗಾಜಿನ ಲೋಟದಲ್ಲಿ ಅದೇ ನೀರನ್ನು ತುಂಬಿ ಅವಳ ಕೈಗಿತ್ತೆನು. ಅವಳು ಬಿಸಿಲಿಗೆ ಹಿಡಿದು ನೋಡಿದಳು. ಬಳಿಕ ಮಲಗಿದ್ದ ಮೊಮ್ಮಗಳನ್ನು ನೋಡಿದಳು. ಮಾತನಾಡದೆ ತಾನೇ ಆ ನೀರನ್ನು ಕರಿಬೇವಿನ ಗಿಡಕ್ಕೆ ಹೊಯ್ದಳು.

ಆದರೆ ಹೊಯ್ದರಷ್ಟೇ ಸಾಲದು. ಈ ಸೊಳ್ಳೆಯ ತತ್ತಿಗಳು ನೀರಿನ ಅಂಚಿಗೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಆದುದರಿಂದ ಪಾತ್ರೆಯನ್ನು ನಾರಿನಿಂದ ತಿಕ್ಕಿ ತೊಳೆಯಬೇಕು. ಬಾಯಿಗೆ ಬಟ್ಟೆ ಬಿಗಿಯಬೇಕು. ತತ್ತಿಯು ಸೊಳ್ಳೆಯಾಗಲು ಸುಮಾರು 8–10 ದಿನ ಬೇಕಾದುದರಿಂದ ವಾರಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಹೂಕುಂಡದ ತಟ್ಟೆ, ಹಳೆಯ ಟಯರು, ತೆಂಗಿನ ಚಿಪ್ಪು, ಕೂಲರುಗಳನ್ನೂ ಮರೆಯಬಾರದು.

ಇದು ಹೊಸ ಮಾತೇನೂ ಅಲ್ಲ. 1883ರಲ್ಲಿ ಬೆಂಗಳೂರಿನಲ್ಲಿದ್ದ ತರುಣ ವೈದ್ಯ ರೊನಾಲ್ಡ್ ರಾಸ್ ತನ್ನ ಕಿಟಕಿಯ ಹೊರಗಿದ್ದ ತೊಟ್ಟಿಯನ್ನು ಬೋರಲು ಹಾಕಿಸಿ ಸೊಳ್ಳೆಗಳ ಕಾಟವನ್ನು ಕಳೆದುಕೊಂಡನು. ಉಳಿದ ತೊಟ್ಟಿಗಳನ್ನೂ ಹಾಗೆಯೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿಯು, ಅದು ಸೃಷ್ಟಿಯ ನಿಯಮಕ್ಕೆ ವಿರುದ್ಧವೆಂದು ಒಪ್ಪಲಿಲ್ಲವಂತೆ! ಮಲೇರಿಯಾ ಸೊಳ್ಳೆಯಿಂದ ಹರಡುವುದೆಂಬುದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ಆಧಾರವನ್ನು ಕಂಡುಹಿಡಿದವನು ಇದೇ ರಾಸ್; 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಅಧಿಕಾರಿಗಿಂತ ನನ್ನ ಅವ್ವನೇ ಬೇಗ ತಿಳಿದುಕೊಂಡಳೆಂದು ನನಗೆ ಹೆಮ್ಮೆ.

ಮಗಳು ಗುಣಮುಖಳಾದಳು. ಈಗ ಪ್ರತಿ ಭಾನುವಾರ ಅಜ್ಜಿ ಮೊಮ್ಮಗಳಿಬ್ಬರೂ ಹರವಿಯನ್ನು ತಿಕ್ಕುತ್ತಾರೆ. ತರಗತಿಯಲ್ಲಿ ಸ್ವಚ್ಛತೆಯ ಪಾಠ ಹೇಳುವಾಗಲೆಲ್ಲ ನನಗೆ ಆ ಹರವಿಯು ನೆನಪಾಗುತ್ತದೆ. ಮಕ್ಕಳೇ, ಪರರ ಗಟಾರವನ್ನು ದೂರುವ ಮುನ್ನ ನಿಮ್ಮ ಮನೆಯ ನೀರಿನೊಳಗೊಮ್ಮೆ ಇಣುಕಿ ನೋಡಿರಿ.