ಬಣ್ಣಕ್ಕೆ ಮುಂಚೆ

ನಮ್ಮ ಮಡಿವಾಳದ ಮನೆಯ ಅಂಗಳದಲ್ಲಿ, ನುಗ್ಗೆ ಮರದ ಕೆಳಗೆ, ಹದಿನೈದು ವರ್ಷದಿಂದ ಟಾರ್ಪಾಲು ಹೊದ್ದು ಕೂತಿದ್ದ ವಸ್ತುವನ್ನು ಪಕ್ಕದ ಮನೆಗೆ ಹೊಸದಾಗಿ ಬಂದವರು ಹಳೆಯ ನೀರಿನ ಟ್ಯಾಂಕೆಂದು ತಿಳಿದಿದ್ದರಂತೆ. ಅವರ ಊಹೆ ಪೂರ್ತಿ ತಪ್ಪೇನಲ್ಲ. ಫೈಬರಿನ ಟ್ಯಾಂಕೂ ಅದೂ ಒಂದೇ ವಂಶದವು. ಅದು ನಮ್ಮಪ್ಪನ ಡಾಲ್ಫಿನ್ ಕಾರು. ಮೈಯೆಲ್ಲ ಫೈಬರ್ ಗ್ಲಾಸ್.

ಈಗಿನ ಮಕ್ಕಳಿಗೆ ಡಾಲ್ಫಿನ್ ಎಂದರೆ ಸಮುದ್ರದಲ್ಲಿ ನೆಗೆಯುವ ಪ್ರಾಣಿ ಮಾತ್ರ. ಎಂಬತ್ತರ ದಶಕದಲ್ಲಿ ಸಿಪಾನಿಯವರು ನಮ್ಮ ಬೆಂಗಳೂರಿನಲ್ಲೇ ತಯಾರಿಸುತ್ತಿದ್ದ ಪುಟ್ಟ ಕಾರಿನ ಹೆಸರೂ ಅದೇ ಆಗಿತ್ತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ಅಚ್ಚು. 848 ಸಿಸಿ ಎಂಜಿನ್, ಎರಡೇ ಬಾಗಿಲು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದೇ ತಡ, ಊರೆಲ್ಲ ಅದರ ಹಿಂದೆ ಹೋಯಿತು. ನಮ್ಮಪ್ಪ ಮಾತ್ರ ಮರುವರ್ಷ ಹಟ ಹಿಡಿದು ಡಾಲ್ಫಿನ್ನನ್ನೇ ತಂದರು. "ನಮ್ಮೂರ ಕಾರು. ಮೈ ತುಕ್ಕು ಹಿಡಿಯೋದಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವರ ಮಾತು ಸುಳ್ಳಾಗಲಿಲ್ಲ. ಮೈ ತುಕ್ಕು ಹಿಡಿಯಲಿಲ್ಲ, ಬಿರುಕು ಬಿಟ್ಟಿತು. ಮುಂದಿನ ಎಡಚಕ್ರದ ಮೇಲೆ ಹೆಬ್ಬೆರಳುದ್ದದ ಒಂದು ಗೆರೆ. ಅಪ್ಪ ಎರಡು ಸಲ ಅದಕ್ಕೆ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದರು. ಎರಡು ಸಲವೂ ಮುಂದಿನ ಬೇಸಿಗೆಯ ಹೊತ್ತಿಗೆ ಗೆರೆ ಬಣ್ಣವನ್ನು ಸೀಳಿಕೊಂಡು ಮತ್ತೆ ಹೊರಗೆ ಬಂತು. ಆಮೇಲೆ ಅವರೂ ಬಿಟ್ಟುಬಿಟ್ಟರು.

ನನಗೆ ನಿವೃತ್ತಿಗೆ ಇನ್ನೆರಡು ವರ್ಷ. ಈ ಕಾರನ್ನು ಸರಿಮಾಡಿಸಿ, ನಾನೇ ಓಡಿಸಿಕೊಂಡು ಒಂದು ಸಲ ಶಾಲೆಗೆ ಹೋಗಬೇಕೆಂಬ ಆಸೆ. ಮೊದಲು ಬಣ್ಣ ಹೊಡೆಯುವವರೊಬ್ಬರನ್ನು ಕೇಳಿದೆ. "ಪುಟ್ಟಿ ಹಾಕಿ ಮೂರೇ ದಿನದಲ್ಲಿ ಕೊಡ್ತೀವಿ ಮೇಡಂ" ಎಂದರು. ಎರಡು ಸಲ ಕಂಡ ಪುಟ್ಟಿ ನೆನಪಾಗಿ ಹಿಂದೆ ಬಂದೆ. ಕೊನೆಗೆ ಬೊಮ್ಮನಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ಫೈಬರ್ ಬಾಗಿಲು, ತೊಟ್ಟಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರು ಸಿಕ್ಕರು. ಮನೆಗೇ ಬಂದು ಮಾಡಿಕೊಡಲು ಒಪ್ಪಿದರು.

ಅವರು ಬಂದವರೇ ಜೇಬಿನಿಂದ ಒಂದು ನಾಣ್ಯ ತೆಗೆದು, ಮಾರ್ಕೆಟ್ಟಿನಲ್ಲಿ ನಾವು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ, ಕಾರಿನ ಮೈಯನ್ನು ತಟ್ಟುತ್ತ ಬಂದರು. ಗಟ್ಟಿ ಇದ್ದ ಕಡೆ ಟಣ್ ಎಂದು ಸದ್ದು. ಬಿರುಕಿನ ಸುತ್ತ ಮಾತ್ರ ಒಡೆದ ಮಡಕೆಯ ಬೊದ್ದು ಸದ್ದು. ಆ ಸದ್ದು ಬಂದಷ್ಟೂ ದೂರ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನನ್ನ ಕಣ್ಣಿಗೆ ಹೆಬ್ಬೆರಳುದ್ದ ಇದ್ದದ್ದು ಗೇಣಿಗಿಂತ ದೊಡ್ಡದಾಗಿತ್ತು.

"ಬಿಸಿಲಿಗೆ ಮೇಲ್ಪದರ ಮಾತ್ರ ಒಡೆದಿದ್ರೆ ಚಿಂತೆ ಇರಲಿಲ್ಲ ಟೀಚರಮ್ಮ. ಇದು ಗುದ್ದಿದ ಏಟು" ಎಂದರು. "ತಗಡಾದ್ರೆ ನೆಗ್ಗುತ್ತೆ, ಎಲ್ಲರಿಗೂ ಕಾಣುತ್ತೆ. ಫೈಬರ್ ಬಗ್ಗಿ ವಾಪಸ್ ಬಂದ್ಬಿಡುತ್ತೆ. ಏಟು ಒಳಗೇ ಉಳ್ಕೊಳುತ್ತೆ. ಯಾರು ಗುದ್ದಿದ್ದು?"

"ತುಂಬ ಹಳೇದು" ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋದೆ.

ಗುದ್ದಿದ್ದು ನಾನು. 1987ರ ಬೇಸಿಗೆ, ನನಗಾಗ ಹತ್ತೊಂಬತ್ತು. ಅಪ್ಪ ಕಾರ್ಖಾನೆಗೆ ಹೋಗಿದ್ದರು, ಅಮ್ಮ ಮಲಗಿದ್ದರು. ಗೇಟಿನವರೆಗೆ ಹೋಗಿ ಬರೋಣವೆಂದು ಕೀಲಿ ತೆಗೆದುಕೊಂಡೆ. ಗೇಟಿನ ಕಲ್ಲುಕಂಬಕ್ಕೆ ತಾಗಿತು. ಇಳಿದು ನೋಡಿದರೆ ಒಂದು ಕೂದಲೆಳೆ ಗೆರೆ, ಅಷ್ಟೆ. ಮಗ್ಗುಲಿಗೆ ತಂದು ನಿಲ್ಲಿಸಿ ಕೀಲಿಯನ್ನು ಮೊಳೆಗೆ ತಗುಲಿಹಾಕಿದೆ.

ಸಂಜೆ ಅಪ್ಪ ಗೆರೆ ನೋಡಿದರು. ಹೇಳದೆ ಕಾರು ಮುಟ್ಟುವ ಅಭ್ಯಾಸವಿದ್ದದ್ದು ನನ್ನ ತಮ್ಮನಿಗೆ. ಅವನು ತಾನಲ್ಲವೆಂದ. ಕಾರು ಕೆಡಿಸಿದ್ದಕ್ಕಲ್ಲ, ಸುಳ್ಳು ಹೇಳುತ್ತಾನೆಂದು ಅಪ್ಪ ಹೊಡೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಗುವೇನಲ್ಲ, ಬಿ.ಎ. ಓದುತ್ತಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಅಪ್ಪ ಅವನ ಕೈಗೆ ಮತ್ತೆ ಕೀಲಿ ಕೊಡಲಿಲ್ಲ. ಅವನೂ ಕೇಳಲಿಲ್ಲ. ಮುಂದೆ ಕೆಲಸ ಹಿಡಿದು ಮೈಸೂರಿಗೆ ಹೋದ. ಅಪ್ಪ ತೀರಿಕೊಂಡ ಮೇಲೆ "ಕಾರು ನಿನಗೇ ಇರಲಿ ಅಕ್ಕ" ಎಂದ. ಮೂವತ್ತು ವರ್ಷ ತರಗತಿಯಲ್ಲಿ ನಿಂತು "ತಪ್ಪು ಮಾಡಿದವರು ಎದ್ದು ನಿಲ್ಲಿ" ಎಂದು ಮಕ್ಕಳಿಗೆ ಹೇಳಿದವಳು ನಾನು.

ದುರಸ್ತಿ ಎಂದರೆ ಮುಚ್ಚುವುದು ಎಂದು ತಿಳಿದಿದ್ದೆ. ಮೇಸ್ತ್ರಿ ಮೊದಲು ಮಾಡಿದ್ದು ಅಗಲಿಸುವ ಕೆಲಸ. ಸೋಪುನೀರಲ್ಲಿ ತೊಳೆದು ಒಣಗಿಸಿ, ಥಿನ್ನರಿನಲ್ಲಿ ಜಿಡ್ಡು ಒರೆಸಿದರು. ಹಳೆಯ ಬಣ್ಣ ಮತ್ತು ಪುಟ್ಟಿಯನ್ನು ಉಪ್ಪುಕಾಗದದಲ್ಲೇ ಉಜ್ಜಿ ತೆಗೆದರು. ಬಣ್ಣ ಕರಗಿಸುವ ದ್ರಾವಣ ಹಾಕಿದರೆ ಅದು ಫೈಬರಿನ ರಾಳವನ್ನೂ ತಿನ್ನುತ್ತದಂತೆ. ಬಿರುಕು ಮುಂದೆ ಓಡದಿರಲೆಂದು ಅದರ ಎರಡು ತುದಿಗೂ ಸಣ್ಣ ತೂತು ಕೊರೆದರು. ನಡುವಿನ ಸೀಳನ್ನು ಇಳಿಜಾರಾಗಿ ತೇದು ಪುಟ್ಟ ಕಾಲುವೆಯಂತೆ ಮಾಡಿದರು. "ಅಯ್ಯೋ, ಇಷ್ಟು ದೊಡ್ಡದು ಮಾಡ್ಬಿಟ್ರಲ್ಲ!" ಎಂದೆ. "ಗಟ್ಟಿ ಸಿಗೋವರೆಗೂ ತೆಗೀಬೇಕಮ್ಮ. ಇಲ್ಲದಿದ್ರೆ ಬಣ್ಣ ಒಂದು ವರ್ಷ, ಬಿರುಕು ನೂರು ವರ್ಷ" ಎಂದರು.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. "ಆ ಬೇಸಿಗೆಯಲ್ಲಿ ಅಪ್ಪ ನನ್ನ ಜೊತೆ ಎರಡು ತಿಂಗಳು ಮಾತಾಡಿರಲಿಲ್ಲ, ಅಕ್ಕ. ನೀನೇ ಊಟ ಬಡಿಸ್ತಿದ್ದೆ" ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ.

ಮರುದಿನ ಮೇಸ್ತ್ರಿ ಚಕ್ರ ಬಿಚ್ಚಿ, ಒಳಮೈಯನ್ನು ಒರಟಾಗುವಂತೆ ಉಜ್ಜಿದರು. ಗಾಜಿನ ನಾರಿನ ಚಾಪೆಯನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ತುಂಡು ಕತ್ತರಿಸಿದರು. ರಾಳಕ್ಕೆ ಗಟ್ಟಿಯಾಗಿಸುವ ದ್ರವ ಬೆರೆಸುವುದು ನಮ್ಮ ಹಾಲಿಗೆ ಹೆಪ್ಪು ಹಾಕುವ ಲೆಕ್ಕವೇ. ನೂರು ಗ್ರಾಂ ರಾಳಕ್ಕೆ ಒಂದೆರಡು ಗ್ರಾಂ. ಕಡಿಮೆಯಾದರೆ ಅಂಟಂಟು, ಹೆಚ್ಚಾದರೆ ಕಾದು ಪೆಡಸಾಗುತ್ತದೆ. ಬ್ರಷ್ಷಿನಲ್ಲಿ ಎಳೆಯದೆ, ಒತ್ತಿ ಒತ್ತಿ ಗಾಳಿಗುಳ್ಳೆ ಹೊರಡಿಸಿದರು. ಹಿಂದಿನಿಂದ ಆಧಾರ ಕೊಟ್ಟು ಒಂದು ರಾತ್ರಿ ಬಿಟ್ಟ ಮೇಲೆಯೇ ಮುಂದಿನ ಕಾಲುವೆ ತುಂಬಿದ್ದು. ಅವರು ಮುಖಕ್ಕೆ ಮಾಸ್ಕ್ ಹಾಕಿ ಉದ್ದತೋಳು ತೊಟ್ಟಿದ್ದರು. ನಾನು ಬರಿಗೈಯಲ್ಲಿ ಚಾಪೆ ಮುಟ್ಟಿ ಎರಡು ದಿನ ಮೈ ಕೆರೆದುಕೊಂಡೆ.

ಭಾನುವಾರ ಬೆಳಿಗ್ಗೆ ಗೇಟು ಸದ್ದಾಯಿತು. ತಮ್ಮ! ಕಲ್ಲುಕಂಬವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಕಾಫಿ ಕುಡಿದ. ಆಮೇಲೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಮೇಸ್ತ್ರಿ ಇಟ್ಟುಹೋಗಿದ್ದ ವಾಟರ್ ಪೇಪರನ್ನು ಬಕೆಟ್ಟಿನಲ್ಲಿ ಅದ್ದಿ ಆ ಜಾಗವನ್ನು ಉಜ್ಜಲು ಕೂತ. ನಾನು ನೀರು ಹಾಕುತ್ತ ಪಕ್ಕದಲ್ಲಿ ನಿಂತೆ. ಮಧ್ಯಾಹ್ನದವರೆಗೆ ನಾವು ಕಾರಿನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

"ಕಣ್ಣಿಗೆ ನುಣ್ಣಗಿದೆ. ಬೆರಳಿಗೆ ಇನ್ನೂ ಸಿಗ್ತಾ ಇದೆ, ನೋಡು" ಎಂದು ನನ್ನ ಕೈ ಹಿಡಿದು ಅಲ್ಲಿಡಿಸಿದ.

ನಿಜ, ಸಿಗುತ್ತಿತ್ತು.

ಎಂಜಿನ್ನಿನ ಕೆಲಸ, ಆರ್.ಟಿ.ಓ. ಕಾಗದಗಳು ಎಲ್ಲ ಬಾಕಿ ಇವೆ. ತಮ್ಮ ಮುಂದಿನ ಭಾನುವಾರವೂ ಬರುತ್ತೇನೆಂದಿದ್ದಾನೆ. ಕೀಲಿ ಹಳೆಯ ಮೊಳೆಯಲ್ಲೇ ಇದೆ ಎಂದು ಅವನಿಗೆ ಹೇಳಿದ್ದೇನೆ. ಬಣ್ಣ ಯಾವುದೆಂದು ಇನ್ನೂ ನಿರ್ಧರಿಸಿಲ್ಲ. ಅದಕ್ಕೇನೂ ಆತುರವಿಲ್ಲ.