ಬದಲಾಪುರದಲ್ಲಿ ತಯಾರಾದ ಒಂದು ಮಿನುಗುವ ಬಿಲ್ಲೆ

ಸಿಎಸ್‌ಎಂಟಿಯಿಂದ 68 ಕಿಲೋಮೀಟರು ದೂರದಲ್ಲಿರುವ ನಮ್ಮ ಬದಲಾಪುರಕ್ಕೆ ಆ ಹೆಸರು ಹೇಗೆ ಬಂತು ಎಂದು ಕೇಳಿದರೆ, ಹಿಂದಿನ ಕಾಲದಲ್ಲಿ ದೂರ ಪ್ರಯಾಣದವರು ಇಲ್ಲಿ ಕುದುರೆ ಬದಲಿಸುತ್ತಿದ್ದರು ಎಂಬ ಕತೆಯನ್ನು ಊರಿನವರು ಹೇಳುತ್ತಾರೆ. ಈಗ ಕುದುರೆಯಿಲ್ಲ. ಬದಲಿಸುವುದೇನಿದ್ದರೂ ರೈಲು: ನವಿ ಮುಂಬಯಿಗಾದರೆ ಥಾಣೆಯಲ್ಲಿ, ಪಶ್ಚಿಮ ರೈಲ್ವೆಗಾದರೆ ದಾದರಿನಲ್ಲಿ. ಬೆಳಗ್ಗೆ ಹೋದವರು ರಾತ್ರಿ ಮಲಗಲು ಬರುವ ಊರು ಇದು ಎಂದು ಮುಂಬಯಿಯವರು ತಮಾಷೆ ಮಾಡುವುದುಂಟು. ಆದರೆ ಈಚೆಗೆ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ರಾತ್ರಿ ದೀಪ ಆರುತ್ತಲೇ ಇರಲಿಲ್ಲ. ಅಲ್ಲಿ ಪಕ್ಕದ ಮನೆಯವರ ಮಗಳು ತನ್ನ ಮೂವರು ಗೆಳೆಯರೊಂದಿಗೆ, ನವಿ ಮುಂಬಯಿಯ ಎರಡು ದಿನಗಳ ತಂತ್ರಜ್ಞಾನ ಸಮ್ಮೇಳನಕ್ಕಾಗಿ 300 ಎಲೆಕ್ಟ್ರಾನಿಕ್ ಬ್ಯಾಡ್ಜ್ ಮಾಡುತ್ತಿದ್ದಳು.

ನಮ್ಮ ಸಂಘಗಳ ಸಮಾರಂಭದಲ್ಲಿ ಅತಿಥಿಗಳ ಎದೆಗೆ ರಿಬ್ಬನ್ನಿನ ಹೂವು ಚುಚ್ಚುತ್ತೇವಲ್ಲ, ಇದು ಅದರ ಮೊಮ್ಮಗ ಎನ್ನಬಹುದು. ಕೊರಳ ಪಟ್ಟಿಗೆ ತೂಗುಬಿಡುವ ಕಾಗದದ ಕಾರ್ಡಿನ ಬದಲು ಒಂದು ಸರ್ಕಿಟ್ ಬೋರ್ಡ್. ಅದರ ಮೇಲೆ ದೀಪ, ಪರದೆ, ಗುಂಡಿಗಳು. 2006ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಎಂಬ ಹ್ಯಾಕರುಗಳ ಸಮ್ಮೇಳನಕ್ಕೆ ಜೋ ಗ್ರಾಂಡ್ ಎಂಬ ಎಂಜಿನಿಯರು ಇಂಥ ಬ್ಯಾಡ್ಜ್ ಮಾಡಿಕೊಟ್ಟ ಮೇಲೆ ಈ ಪದ್ಧತಿಗೆ ಬಲ ಬಂತು. 2017ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಶಿಬಿರದ ಬ್ಯಾಡ್ಜಿಗೆ ಇ-ಪೇಪರ್ ಪರದೆಯೇ ಇತ್ತು. ಇ-ಪುಸ್ತಕ ಓದುವ ಕಿಂಡಲ್‌ನಲ್ಲಿರುವ ಜಾತಿಯ ಪರದೆ ಅದು. ಒಮ್ಮೆ ಬರೆದರೆ ವಿದ್ಯುತ್ತಿಲ್ಲದೆಯೂ ಅಕ್ಷರ ಉಳಿಯುತ್ತದೆ. ಇವರು ಆರಿಸಿದ್ದೂ ಅದನ್ನೇ.

ಮೊದಲ ಜಗಳ ಬ್ಯಾಟರಿಯದು. ಕೈಗಡಿಯಾರದಲ್ಲಿ ಇರುವಂಥ ಬಿಲ್ಲೆ ಸೆಲ್ ನೋಡಲು ಚೆಂದ, ಹಗುರ. ಆದರೆ 2032 ಸಂಖ್ಯೆಯ ಆ ಸೆಲ್ಲಿನಲ್ಲಿರುವುದು ಸುಮಾರು 220 ಮಿಲಿಆಂಪ್-ಗಂಟೆ. ಹತ್ತು ದೀಪಗಳು ತಲಾ 5 ಮಿಲಿಆಂಪ್ ಕುಡಿದರೆ ಲೆಕ್ಕದಲ್ಲಿಯೇ ನಾಲ್ಕೂವರೆ ಗಂಟೆ ದಾಟದು. ಮೇಲಾಗಿ ಅಷ್ಟು ವಿದ್ಯುತ್ತನ್ನು ಒಟ್ಟಿಗೆ ಕೊಡುವ ತಾಕತ್ತು ಆ ಪುಟ್ಟ ಸೆಲ್ಲಿಗಿಲ್ಲ. ಕೊನೆಗೆ ಟಿವಿ ರಿಮೋಟಿನ ಎರಡು ಸಣ್ಣ ಸೆಲ್ಲುಗಳೇ ಗೆದ್ದವು. ಬ್ಯಾಡ್ಜ್ ದಪ್ಪವಾಯಿತು, ಆದರೆ ಎರಡು ದಿನ ಬಾಳುವಂತಾಯಿತು.

ಬಿಡಿಭಾಗಗಳಿಗಾಗಿ ಒಂದು ಶನಿವಾರ ನಾನೂ ಅವರ ಜೊತೆ ಹೊರಟೆ. ಬದಲಾಪುರದಿಂದ ದಾದರು, ಅಲ್ಲಿಂದ ಗ್ರಾಂಟ್ ರೋಡ್. ಸ್ಟೇಷನ್ನಿನ ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರೋಡ್. ಫಲಕದಲ್ಲಿ ಡಾ. ದಾದಾಸಾಹೇಬ್ ಭಡ್ಕಮ್‌ಕರ್ ಮಾರ್ಗ ಎಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಅಂಗಡಿಗಳು, ಸೂರಿನ ತನಕ ಡಬ್ಬಿಗಳು. ಅಂಗಡಿಯಾತ ಕಂಪ್ಯೂಟರು ನೋಡದೆ ಬಿಡಿಭಾಗದ ಸಂಖ್ಯೆ ಕೇಳಿದ ಕೂಡಲೇ ಏಣಿ ಹತ್ತುತ್ತಾನೆ. ಕುಂದಾಪುರದ ಕಿರಾಣಿ ಅಂಗಡಿಯಲ್ಲಿ ಸಾಸಿವೆ, ಮೆಂತ್ಯ ಕೇಳಿದ ಹಾಗೆ ಇಲ್ಲಿ ರೆಸಿಸ್ಟರು, ಕೆಪಾಸಿಟರು.

ಬೋರ್ಡುಗಳ ಜೋಡಣೆ ನಡೆದದ್ದು ಮಹಾಪೆಯ ಕೈಗಾರಿಕಾ ವಸಾಹತಿನ ಒಂದು ಸಣ್ಣ ಘಟಕದಲ್ಲಿ. ಥಾಣೆಯಲ್ಲಿ ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿದು ಘನ್ಸೋಲಿಯಲ್ಲಿ ಇಳಿದು ರಿಕ್ಷಾ. ತೂತುಗಳಿರುವ ತೆಳು ಉಕ್ಕಿನ ಹಾಳೆಯನ್ನು ಬೋರ್ಡಿನ ಮೇಲಿಟ್ಟು ಬೆಸುಗೆಯ ಲೇಪ ಸವರುತ್ತಾರೆ. ರಂಗೋಲಿ ಅಚ್ಚಿನ ತತ್ವವೇ. ಯಂತ್ರವೊಂದು ಸಾಸಿವೆ ಕಾಳಿಗಿಂತ ಚಿಕ್ಕ ಬಿಡಿಭಾಗಗಳನ್ನು ಹೆಕ್ಕಿ ಇಡುತ್ತದೆ. ಆಮೇಲೆ ಬೋರ್ಡು ಉದ್ದನೆಯ ಒಲೆಯೊಳಗೆ ಸಾಗುತ್ತದೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಒಲೆ ಅದಕ್ಕಿಂತ ಸ್ವಲ್ಪ ಮೇಲೇರಿ ಇಳಿಯುತ್ತದೆ. ಹೊರಬಂದ ಪ್ರತಿಯೊಂದನ್ನೂ ಭೂತಗನ್ನಡಿಯ ಕೆಳಗೆ ಹಿಡಿದು ನೋಡುವವರು ಹೆಂಗಸರು. ಅವರಲ್ಲೊಬ್ಬಾಕೆ ಅಂಬರನಾಥದವರು. "ಸಮ್ಮೇಳನ ಅಂದರೆ ಏನು ಮಾಡ್ತಾರೆ?" ಎಂದು ಮರಾಠಿಯಲ್ಲಿ ಕೇಳಿದರು. ಮಾತಾಡ್ತಾರೆ, ಎಂದೆ. ನಕ್ಕರು.

ಮಳೆಗಾಲದ ಭಯ ಬೇರೆ. ಉಲ್ಲಾಸ್ ನದಿ ಉಕ್ಕಿದರೆ ನಮ್ಮೂರಿನ ಗತಿ ಏನು ಎಂಬುದಕ್ಕೆ 2019ರ ಜುಲೈ 27 ಸಾಕ್ಷಿ. ಅಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ಸಿಲುಕಿ, ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಬಿಡಿಭಾಗಗಳಿಗೆ ನೆರೆಯೇ ಬೇಕಿಲ್ಲ, ಗಾಳಿಯ ತೇವವೇ ಸಾಕು. ಚಿಪ್ಪಿನೊಳಗೆ ಇಳಿದ ತೇವ ಒಲೆಯಲ್ಲಿ ಆವಿಯಾಗಿ ಚಿಪ್ಪನ್ನೇ ಬಿರುಕು ಬಿಡಿಸಬಲ್ಲದು. ಹಾಗಾಗಿ ಅವು ತೇವ ಹೀರುವ ಪೊಟ್ಟಣದ ಜೊತೆ ಬಿಗಿಯಾದ ಚೀಲಗಳಲ್ಲಿ ಬಂದು, ಹುಡುಗಿಯ ಮನೆಯಲ್ಲಿ ಹಪ್ಪಳದ ಡಬ್ಬಿಯ ಪಕ್ಕ, ಎತ್ತರದ ಅಟ್ಟದಲ್ಲಿ ಕುಳಿತವು.

ನಿಜವಾದ ಪರೀಕ್ಷೆ ಬಂದದ್ದು ಹೆಸರಿನದು. ನೋಂದಣಿ ಪತ್ರದಲ್ಲಿ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇತ್ತು. "ಅವರವರ ಲಿಪಿಯಲ್ಲೂ ಇರಲಿ" ಎಂದವಳು ಇವಳೇ. ಹೇಳುವುದು ಸುಲಭ. ಇಂಥ ಪುಟ್ಟ ಸಾಧನಗಳ ತಂತ್ರಾಂಶ ಸಾಮಾನ್ಯವಾಗಿ ಒಂದು ಸಂಕೇತಕ್ಕೆ ಒಂದು ಅಕ್ಷರದಂತೆ ಎಡದಿಂದ ಬಲಕ್ಕೆ ಇಡುತ್ತಾ ಹೋಗುತ್ತದೆ. 'ಕೃಷ್ಣಮೂರ್ತಿ' ಎಂದು ಕೊಟ್ಟು ನೋಡಿ. ಷಕಾರದ ಕೆಳಗೆ ಣಕಾರದ ಒತ್ತು ಇಳಿಯಬೇಕು; ಯೂನಿಕೋಡಿನಲ್ಲಿ ತಕಾರಕ್ಕಿಂತ ಮೊದಲು ಬರುವ ರಕಾರ, ಬರಹದಲ್ಲಿ ಅರ್ಕಾವತ್ತಾಗಿ ಅದರ ಹಿಂದೆ ಬಂದು ನಿಲ್ಲಬೇಕು. ಪುಟ್ಟ ಚಿಪ್ಪಿಗೆ ಇದು ಗೊತ್ತಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಹನ್ನೊಂದು ಸಾಲು ದೀಪಗಳ ಬ್ಯಾಡ್ಜಿನಲ್ಲಂತೂ ತಲೆಕಟ್ಟು, ಗುಣಿತ, ಒತ್ತು ಮೂರನ್ನೂ ಹಿಡಿಸುವುದೇ ಕಷ್ಟ.

ಇವರು ಕಂಡುಕೊಂಡ ದಾರಿ ಸರಳ. ಹೆಸರನ್ನು ಕಂಪ್ಯೂಟರಿನಲ್ಲಿಯೇ ಸರಿಯಾಗಿ ಮೂಡಿಸಿ, ಕಪ್ಪುಬಿಳುಪು ಚಿತ್ರವಾಗಿ ಮಾಡಿ ಬ್ಯಾಡ್ಜಿಗೆ ಕಳಿಸುವುದು. ಪರದೆಯಲ್ಲಿ ಅಡ್ಡಕ್ಕೆ 296, ಉದ್ದಕ್ಕೆ 128 ಚುಕ್ಕೆ. ಚುಕ್ಕೆಗೊಂದು ಬಿಟ್‌ನಂತೆ ಒಟ್ಟು 4,736 ಬೈಟು. ಬಡ ಚಿಪ್ಪಿಗೂ ಅದು ಹೊರೆಯಲ್ಲ. ಮರಾಠಿ, ತಮಿಳು, ಉರ್ದು ಎಲ್ಲಕ್ಕೂ ಅದೇ ದಾರಿ.

ಆ ಹುಡುಗಿ ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್, ಮರಾಠಿ. ಒಂದು ರಾತ್ರಿ ಬಾಗಿಲು ತಟ್ಟಿದಳು. "ಅಂಕಲ್, ನನ್ನ ಹೆಸರಿಗೆ ಯಾವ ಶ? ಅಪ್ಪ ಡ್ಯೂಟಿಯಲ್ಲಿದ್ದಾರೆ." ಬರೆದು ತೋರಿಸಿದೆ. ನೋಡಿ ನೋಡಿ ತಾನೇ ಎರಡು ಸಲ ಬರೆದಳು. ಇಪ್ಪತ್ತನಾಲ್ಕು ವರ್ಷದ ಎಂಜಿನಿಯರು ತನ್ನ ಹೆಸರನ್ನು ಮೊದಲ ಬಾರಿಗೆ ಕನ್ನಡದಲ್ಲಿ ಬರೆದದ್ದು ಒಂದು ಯಂತ್ರಕ್ಕೆ ಕಲಿಸುವುದಕ್ಕಾಗಿ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ವರ್ಷಗಟ್ಟಲೆ ನಾವು ಹೇಳಿದ ಕಾರಣಗಳಿಗಿಂತ ಈ ಕಾರಣ ಅವಳಿಗೆ ಗಟ್ಟಿಯೆನಿಸಿತು.

ಎರಡು ದಿನದ ಮೇಲೆ ಇವೆಲ್ಲ ಕಸವಲ್ಲವೇ ಎಂಬ ಪ್ರಶ್ನೆಯೂ ಎದ್ದಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಆದರೆ ಕಸವಾಗದಂತೆ ಮಾಡುವುದು ಮಾಡುವವರ ಕೈಯಲ್ಲಿದೆ. ಇವರು ಬೋರ್ಡಿನ ಅಂಚಿನಲ್ಲಿ ಚಿಪ್ಪಿನ ಪಿನ್ನುಗಳನ್ನು ಹೊರಗೆ ತಂದಿಟ್ಟು, ಪರದೆಯ ಬರಹವನ್ನು ಯುಎಸ್‌ಬಿ ತಂತಿಯಲ್ಲಿ ಯಾರಾದರೂ ಬದಲಿಸುವಂತೆ ಮಾಡಿದ್ದಾರೆ. ಮನೆಗೊಯ್ದವರು ಅದನ್ನು ಬಾಗಿಲ ಹೆಸರುಫಲಕ ಮಾಡಿಕೊಳ್ಳಬಹುದು. ಕುಳಗಾವ್ ಕಡೆಯ ನಮ್ಮ ಮಹಡಿಯಲ್ಲಿ ಈಗ ಅಂಥದ್ದೊಂದು ಬಾಗಿಲಿದೆ. ಸೆಲ್ಲು ತೆಗೆದಿಟ್ಟಿದ್ದಾರೆ. ಹೆಸರು ಮಾತ್ರ ಕನ್ನಡದಲ್ಲಿ ಹಾಗೇ ಉಳಿದಿದೆ.