ನೇಕಾರರ ಕಲ್ಲಿನ ಸಾಲುಮನೆ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯಲ್ಲಿ ಕೋಲ್ನ್ ಎಂಬ ಪುಟ್ಟ ನದಿ ಹರಿಯುತ್ತದೆ. ಅದರ ದಂಡೆಯ ಮೇಲಿರುವ ಹಳ್ಳಿ ಬೈಬರಿ. ಕವಿ, ಕಲಾವಿದ ವಿಲಿಯಂ ಮಾರಿಸ್ ಇಂಗ್ಲೆಂಡಿನಲ್ಲೇ ಅತಿ ಸುಂದರ ಹಳ್ಳಿಯೆಂದು ಕೊಂಡಾಡಿದ್ದು ಇದನ್ನೇ. ಇಲ್ಲಿನ ‘ಆರ್ಲಿಂಗ್ಟನ್ ರೋ’ ಎಂಬ ಕಲ್ಲಿನ ಸಾಲುಮನೆಗಳ ಚಿತ್ರ ಬ್ರಿಟನ್ನಿನ ಪಾಸ್‌ಪೋರ್ಟಿನಲ್ಲೂ ಅಚ್ಚಾಗಿತ್ತು.

ಇಷ್ಟೆಲ್ಲ ಹೊಗಳಿಕೆ ಪಡೆದ ಈ ಕಟ್ಟಡ ಮೂಲದಲ್ಲಿ ಒಂದು ಉಗ್ರಾಣ. ಉಣ್ಣೆ ಕೂಡಿಡಲೆಂದು ಕ್ರೈಸ್ತ ಮಠದವರು ಸುಮಾರು 1380ರಲ್ಲಿ ಇದನ್ನು ಕಟ್ಟಿಸಿದರು. ಆಗ ಕಾಟ್ಸ್‌ವೋಲ್ಡ್ ಗುಡ್ಡಗಳ ಕುರಿಗಳ ಉಣ್ಣೆಗೆ ಯುರೋಪಿನಲ್ಲೆಲ್ಲ ಬೇಡಿಕೆಯಿತ್ತು. 17ನೇ ಶತಮಾನದಲ್ಲಿ ಉದ್ದನೆಯ ಉಗ್ರಾಣಕ್ಕೆ ಅಡ್ಡಗೋಡೆ ಹಾಕಿ ನೇಕಾರರಿಗೆ ಮನೆಗಳನ್ನು ಮಾಡಲಾಯಿತು. ಚಿಮಣಿಗಳು ಎದ್ದವು. ಮಾಡಿನಿಂದ ಮುಂದಕ್ಕೆ ಚಾಚಿದ ತ್ರಿಕೋನಾಕಾರದ ಕಿಟಕಿಗಳು ಬಂದವು.

ಗೋಡೆಗೂ ಮಾಡಿಗೂ ಇಲ್ಲಿಯದೇ ಸುಣ್ಣಕಲ್ಲು. ಬಿಸಿಲು ಬಿದ್ದಾಗ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಾಡಿಗೆ ಹೊದಿಸಿದ್ದು ಮಣ್ಣಿನ ಹೆಂಚಲ್ಲ, ಕಲ್ಲಿನ ಹಲಗೆಗಳು. ಈ ಸೀಮೆಯ ಹಳೆಯ ಪದ್ಧತಿಯಂತೆ ಅಗೆದು ತೆಗೆದ ಹಸಿ ಕಲ್ಲನ್ನು ಚಳಿಗಾಲದಲ್ಲಿ ಬಯಲಿಗೆ ಹಾಕುತ್ತಿದ್ದರು. ಒಳಗಿನ ತೇವ ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ತಾನಾಗಿಯೇ ಪದರ ಬಿಡುತ್ತಿತ್ತು. ಹಲಗೆಗೆ ತೂತು ಕೊರೆದು, ಮರದ ಗೂಟ ಸಿಕ್ಕಿಸಿ ರೀಪಿಗೆ ನೇತುಹಾಕುತ್ತಿದ್ದರು. ಸೂರಿನ ಅಂಚಿಗೆ ದೊಡ್ಡ ಹಲಗೆ. ಮೇಲೆ ಹೋದಂತೆ ಚಿಕ್ಕದು. ಸಂದುಗಳಲ್ಲಿ ನೀರು ಇಳಿಯದಂತೆ ಮಾಡನ್ನು ಕಡಿದಾಗಿ ಕಟ್ಟಿದ್ದಾರೆ.

ಮನೆಗಳ ಎದುರಿನ ಜೌಗು ಹುಲ್ಲುಗಾವಲಿನ ಹೆಸರು ‘ರ‍್ಯಾಕ್ ಐಲ್’. ಮನೆಯಲ್ಲಿ ನೇಯ್ದ ಬಟ್ಟೆ ಹತ್ತಿರದ ಆರ್ಲಿಂಗ್ಟನ್ ಗಿರಣಿಗೆ ಹೋಗುತ್ತಿತ್ತು. ಅಲ್ಲಿ ಜಿಡ್ಡು ತೆಗೆದು, ಬಡಿದು ಬಿಗಿಗೊಳಿಸಿದ ಬಟ್ಟೆಯನ್ನು ಈ ಹುಲ್ಲುಗಾವಲಿನಲ್ಲಿ ಚೌಕಟ್ಟುಗಳಿಗೆ ಬಿಗಿದು ಒಣಗಿಸುತ್ತಿದ್ದರು. ಹೆಸರು ಬಂದದ್ದು ಆ ಚೌಕಟ್ಟುಗಳಿಂದಲೇ. ಮನೆ, ನೀರು, ಗಿರಣಿ, ಹುಲ್ಲುಗಾವಲು ನಾಲ್ಕೂ ಸೇರಿದರೇ ನೇಕಾರನ ಬದುಕು.

ಅಮೆರಿಕದ ಕಾರು ಉದ್ಯಮಿ ಹೆನ್ರಿ ಫೋರ್ಡ್ ಈ ಇಡೀ ಸಾಲನ್ನೇ ಕೊಂಡು ತಮ್ಮ ನಾಡಿಗೆ ಸಾಗಿಸಲು ಬಯಸಿದ್ದರೆಂಬ ಮಾತಿದೆ. ಅದು ಮಾತಾಗಿಯೇ ಉಳಿಯಿತು. ಆದರೆ ಸಮೀಪದ ಚೆಡ್‌ವರ್ತ್ ಹಳ್ಳಿಯ ಕಲ್ಲಿನ ಮನೆಯೊಂದನ್ನು ಅವರು 1930ರಲ್ಲಿ ನಿಜಕ್ಕೂ ಬಿಚ್ಚಿಸಿ ಹಡಗಿಗೇರಿಸಿದರು. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನ ವಸ್ತುಸಂಗ್ರಹಾಲಯದಲ್ಲಿ ಅದು ಇಂದಿಗೂ ಇದೆ. ಕಲ್ಲುಗಳು ಹೋದವು, ಅದು ನಿಂತಿದ್ದ ಊರು ಮಾತ್ರ ಇಲ್ಲೇ ಉಳಿಯಿತು.

ಆರ್ಲಿಂಗ್ಟನ್ ರೋ ಈಗ ‘ನ್ಯಾಷನಲ್ ಟ್ರಸ್ಟ್’ ಸಂಸ್ಥೆಯ ಒಡೆತನದಲ್ಲಿದೆ. ಕಾನೂನಿನ ಅತ್ಯುನ್ನತ ದರ್ಜೆಯ ರಕ್ಷಣೆಯೂ ಇದಕ್ಕುಂಟು. ಆದರೂ ಇದು ವಸ್ತುಸಂಗ್ರಹಾಲಯವಲ್ಲ. ಈ ಮನೆಗಳಲ್ಲಿ ಬಾಡಿಗೆಗೆ ಜನ ವಾಸವಾಗಿದ್ದಾರೆ. ದಿನವಿಡೀ ಬರುವ ಪ್ರವಾಸಿಗರ ಕ್ಯಾಮೆರಾಗಳ ನಡುವೆಯೇ ಅವರ ದಿನಚರಿ ಸಾಗಬೇಕು. ಸೈರನ್‌ಸೆಸ್ಟರ್ ಪಟ್ಟಣದಿಂದ ಬೈಬರಿಗೆ ಸುಮಾರು 11 ಕಿ.ಮೀ. ಹೋದವರು ರಸ್ತೆಯಲ್ಲೇ ನಿಂತು ನೋಡುವುದು ಲೇಸು. ಕಿಟಕಿಯೊಳಗೆ ಇಣುಕುವುದು ಬೇಡ.